ಮುಂದಿನ ವರ್ಷಕ್ಕೆ ಉಳಿದ ಹನ್ನೊಂದು ಮಾತು

ಏಪ್ರಿಲ್ ಒಂದನೇ ತಾರೀಖು ಮಧ್ಯಾಹ್ನದ ಹೊತ್ತಿಗೆ ವಿದ್ಯಾಶ್ರೀ ನಲವತ್ತೊಂದು ಸಲ "ಹೌದು ಒತ್ತರಿ" ಎಂದಿದ್ದಳು. ನಲವತ್ತೆರಡನೆಯ ಫೋನು ಅವಳ ಮನೆಯದು.

ಲಕ್ಷ್ಮೇಶ್ವರದಲ್ಲಿ, ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ಹೆಸರುಕಾಳಿನ ಚೀಲಗಳ ನಡುವೆ ಸ್ಟೂಲು ಹಾಕಿಕೊಂಡು ಅವಳು ಕೂತಿದ್ದಳು. ಗದಗಿನ ಒಂದು ಸಣ್ಣ ಕಂಪನಿಯಲ್ಲಿ ಅವಳ ಕೆಲಸ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಡತಿ ಅಂಗಡಿಗಳ ಬಿಲ್ಲಿನ ಪ್ರೋಗ್ರಾಮು ಬರೆಯುವವಳೂ ಅವಳೇ, ಅದು ಕೆಟ್ಟು ಕೂತರೆ ಓಡಿ ಬರುವವಳೂ ಅವಳೇ. ಪ್ರತಿ ವರ್ಷ ಏಪ್ರಿಲ್ ಒಂದರಂದು ಆ ಪ್ರೋಗ್ರಾಮು ಬಾಗಿಲಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತದೆ: ಹಳೆಯ ವರ್ಷ ಮುಚ್ಚಿ ಹೊಸ ವರ್ಷ ಶುರು ಮಾಡಬೇಕೆ? ಕೆಳಗೆ ಹೌದು, ಬೇಡ ಎಂಬ ಎರಡು ಗುಂಡಿ. ಹತ್ತು ವರ್ಷದಿಂದ ಬಳಸುತ್ತ ಬಂದ ಸಾಹುಕಾರರಿಗೂ ಅಲ್ಲಿ ಕೈ ತಡೆಯುತ್ತದೆ. ಫೋನು ಹಚ್ಚುತ್ತಾರೆ.

"ಮೇಡಮ್ಮಾರ, ಏನೋ ಕೇಳಾಕತ್ತೈತ್ರಿ ಇದು."

"ಹೌದು ಒತ್ತರಿ ಸಾಹುಕಾರ್ರ."

"ಒತ್ತಿದ್ರ ಹ್ವಾದ ವರ್ಷದ್ದೆಲ್ಲಾ ಹೊಕ್ಕೈತೇನ್ರಿ ಮತ್ತ?"

"ಎಲ್ಲಿಗೂ ಹೋಗಂಗಿಲ್ರಿ. ಒತ್ತರಿ, ಎರಡು ಮಿನಿಟ ಏನೂ ಮುಟ್ಟಬ್ಯಾಡ್ರಿ."

ಹೀಗೆ ನಡೆದಿರುವಾಗ ಗಂಡ ಗವಿಸಿದ್ದೇಶನ ಫೋನು ಬಂತು. ಅವನು ಬಸ್ಸಿನ ಕಂಡಕ್ಟರ್. ಅಂದು ಎರಡನೇ ಪಾಳಿ. ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವ ಅವಸರದಲ್ಲಿದ್ದ.

"ವಿದ್ಯಾ, ಹೊಸ ವರ್ಷ ಚಾಲೂ ಮಾಡಬೇಕೇನು ಅಂತ ಕೇಳಾಕತ್ತೈತಿ. ಏನ್ ಮಾಡಲಿ?"

"ಹೌದು ಒತ್ತರಿ," ಎಂದಳು. ಅಷ್ಟರಲ್ಲಿ ಅಂಗಡಿಯ ಫೋನೂ ಬಡಿದುಕೊಳ್ಳುತ್ತಿತ್ತು, ಅವಳ ಕೈ ಅತ್ತ ಹೋಗಿತ್ತು. "ಎರಡು ಮಿನಿಟ ಏನೂ ಮುಟ್ಟಬ್ಯಾಡ್ರಿ."

ಮಾತಾಡುತ್ತಿರುವವನು ಗಂಡ ಎಂದು ಗೊತ್ತಾಗಿತ್ತು. ಗೊತ್ತಾಗಿಯೂ ಆ ಪ್ರಶ್ನೆಗೆ ಅಂದು ಅವಳ ಬಾಯಲ್ಲಿ ಬೇರೆ ಉತ್ತರ ಉಳಿದಿರಲಿಲ್ಲ.

ಬೆಟಗೇರಿಯ ಅವರ ಮನೆಯಲ್ಲಿ ಯಾವ ಅಂಗಡಿಯೂ ಇರಲಿಲ್ಲ. ಅಲ್ಲಿದ್ದ ಮಷೀನು ಮಗಳು ಕಾವೇರಿಯ ಬಾಯಿ.

ಕಾವೇರಿಗೆ ಒಂಬತ್ತು ತುಂಬಿದೆ. ಕಿವಿ ಚುರುಕು, ಕಣ್ಣು ಚುರುಕು. ಅಪ್ಪನ ಬಸ್ಸು ಓಣಿಯ ಆಚೆ ಹಾದುಹೋದರೆ ಸದ್ದಿನಲ್ಲೇ ಗುರುತಿಸಿ ಎದ್ದು ನಿಲ್ಲುತ್ತಾಳೆ. ಮಾತು ಮಾತ್ರ ಬರಲಿಲ್ಲ. ಹುಬ್ಬಳ್ಳಿಯ ಒಬ್ಬ ಟೀಚರು ಎರಡು ವರ್ಷದ ಹಿಂದೆ ಹೇಳಿದ್ದರು: ಚಿತ್ರ ಮುಟ್ಟಿದರೆ ಮಾತಾಡುವ ಯಂತ್ರ ಕೊಡಿಸಿ, ಮುಖ್ಯ ಏನೆಂದರೆ ಕೇಳಿದ್ದು ಸಿಗುತ್ತದೆ ಎಂಬುದು ಮಗುವಿಗೆ ಗೊತ್ತಾಗಬೇಕು. ಅಂಥ ಯಂತ್ರಗಳು ಆಡುವುದು ಇಂಗ್ಲಿಷು, ಹಿಂದಿ. ಡೋಣಿಯ ಮೊಮ್ಮಗಳು ಹಿಂದಿಯಲ್ಲಿ ನೀರು ಕೇಳಬೇಕೇ ಎಂದು ಆ ಹಳ್ಳಿಯಲ್ಲಿದ್ದ ವಿದ್ಯಾಶ್ರೀಯ ಅತ್ತೆ ಮರಿಯವ್ವ ಬಹಳ ದಿನ ಸಿಟ್ಟು ಮಾಡಿದ್ದಳು.

ವಿದ್ಯಾಶ್ರೀಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಅದರ ಹೆಸರು ಡಾಟ್ ನೆಟ್. ಪ್ರೋಗ್ರಾಮು ಕಟ್ಟುವ ಆ ಸಾಮಗ್ರಿಯ ಹೆಸರು ಕೇಳಿದರೇ ಇನ್‌ಶರ್ಟ್ ಮಾಡಿ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಮನುಷ್ಯನೊಬ್ಬ ಲಿಫ್ಟಿಗೆ ಕಾಯುತ್ತಿರುವಂತೆ ಕಾಣುತ್ತದೆ. ಸಂಬಳದ ಚೀಟಿ, ಹಾಜರಿ, ಬಿಲ್ಲು, ರಜಾ ಅರ್ಜಿ, ಲೋಕದ ಬೇಸರವೆಲ್ಲ ಅದರಲ್ಲೇ ಬರೆದದ್ದು. ಆದರೆ ಬೆಟಗೇರಿಯಲ್ಲಿ ಪ್ರಿಂಟರ್ ರಿಪೇರಿ ಮಾಡುವ ಅನೀಸನ ಅಂಗಡಿಯಲ್ಲಿ ಭಾನುವಾರ ಬಾಗಿಲು ಅರ್ಧ ಎಳೆದ ಮೇಲೆ ಅದೇ ಮನುಷ್ಯ ಅಂಗಿ ಬಿಚ್ಚಿ ಎಸೆದು ಕುಣಿಯುತ್ತಿದ್ದ. ಅನೀಸ ಬಿಲ್ಲು ಮುದ್ರಿಸುವ ಸಾಮಾನನ್ನೇ ಬಳಸಿ ಹಳೆಯ ಪ್ರಿಂಟರಿನಿಂದ ಮೊಹರಮ್ಮಿನ ಹಲಗೆಯ ಪೆಟ್ಟು ನುಡಿಸಿದ್ದ. ಕಾಗದದ ಮೇಲೆ ಒಂದಕ್ಷರ ಬೀಳದು, ಸೂಜಿಗಳು ಮಾತ್ರ ಹೆಜ್ಜೆ ಹಾಕುತ್ತವೆ. ಮುಂಡರಗಿಯಲ್ಲಿ ಗುಮಾಸ್ತನಾದ ಯಲ್ಲೇಶ ಸಿಬ್ಬಂದಿಯ ಹಾಜರಿ ಪ್ರೋಗ್ರಾಮಿಗೆ ತನ್ನಪ್ಪನ ಆಡುಗಳ ಮುಖ ಕಲಿಸಿದ್ದ. ಸಂಜೆ ಹಟ್ಟಿಯ ಬಾಗಿಲಲ್ಲಿ ಕ್ಯಾಮೆರಾ ಎಣಿಸಿ, ಬಾರದ ಆಡಿನ ಹೆಸರಿಗೆ ಗೈರುಹಾಜರಿ ನೋಟೀಸು ಕಳಿಸುತ್ತಿತ್ತು.

"ರಜಾ ಅರ್ಜಿ ಕೊಟ್ಟಿಲ್ರಿ ಅಕ್ಕಾ, ಕಪ್ಪತಗುಡ್ಡಕ್ಕ ಹೋಗಿ ಕುಂತೈತಿ," ಎನ್ನುತ್ತಿದ್ದ ಅವನು. ಭಾನುವಾರ ಸೇರುವ ಈ ಮೂವರ ಕೂಟಕ್ಕೆ "ಕೆಲಸಕ್ಕ ಬಾರದವರ ಸಂಘ" ಎಂದು ಹೆಸರಿಟ್ಟವನೂ ಅವನೇ.

ಇಂಥ ಸಂಘಗಳು ಲೋಕದ ತುಂಬ ಇದ್ದವು. ಸಂಬಳ ಲೆಕ್ಕಹಾಕುವ ಸಾಮಗ್ರಿಯಲ್ಲಿ ಮೀನಿನ ತೊಟ್ಟಿಯ ದೀಪದಲ್ಲಿ ಹುಣ್ಣಿಮೆ ತರಿಸುವವರು, ವರದಿ ಅಚ್ಚುಹಾಕುವ ಸಾಮಗ್ರಿಯಲ್ಲಿ ಸ್ವೆಟರಿನ ಹೆಣಿಗೆ ಬಿಡಿಸುವವರು. ತಾವು ಮಾಡಿದ್ದನ್ನು ಇಂಟರ್‌ನೆಟ್ಟಿನ ಒಂದು ಕಟ್ಟೆಯ ಮೇಲೆ ಇಡುತ್ತಿದ್ದರು; ಬೇಕಾದವರು ಒಯ್ದು ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಿದ್ದರು. ಹಗಲು ಎಲ್ಲರೂ ಯಾವುದೋ ಆಫೀಸಿನ ಆಳು.

ಯಾವುದೋ ಖಾನಾವಳಿ ಮಾರಿದ, ರೊಟ್ಟಿ-ಅನ್ನ-ಮೊಸರಿನ ಚಿತ್ರ ಒತ್ತಿ ಬಿಲ್ಲು ತೆಗೆಯುವ ಮಷೀನೊಂದು ಅನೀಸನ ಅಂಗಡಿಯಲ್ಲಿ ಬಿದ್ದಿತ್ತು. ಅವನು ಅದರ ಡಿಸ್ಕು ಬದಲಿಸಿ, ಒರೆಸಿ, "ಒಯ್ಯರಿ ಅಕ್ಕಾ, ಪಾಪು ಒತ್ತಾಕ ಚೊಲೋ ಐತಿ" ಎಂದು ಕೊಟ್ಟ. ಎರಡು ಭಾನುವಾರದಲ್ಲಿ ಕೆಲಸ ಮುಗಿಯಿತು. ಹೊಸದಾಗಿ ಬರೆಯುವಷ್ಟು ಪುರುಸೊತ್ತು ವಿದ್ಯಾಶ್ರೀಗೆ ಎಲ್ಲಿತ್ತು? ಅಡತಿ ಅಂಗಡಿಯ ಪ್ರೋಗ್ರಾಮಿನ ಹಂದರವನ್ನೇ ಎತ್ತಿ ತಂದಳು. ಅಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಖಾತೆ. ಇಲ್ಲಿ ಒಂದೊಂದು ಮಾತಿಗೆ ಒಂದೊಂದು ಖಾತೆ. ಕಾವೇರಿ "ನೀರು" ಒತ್ತಿದರೆ ನೀರಿನ ಖಾತೆಗೆ ಒಂದು ಏರುತ್ತದೆ. ನೀರು ಕೊಟ್ಟವರು ಹಸಿರು ಬಣ್ಣದ "ಆತು" ಗುಂಡಿ ಒತ್ತಬೇಕು, ಒಂದು ಇಳಿಯುತ್ತದೆ. ಕೇಳಿದ್ದು ಸಿಕ್ಕಿತೋ ಇಲ್ಲವೋ ಎಂದು ಟೀಚರಿಗೆ ತೋರಿಸಲು ಇದಕ್ಕಿಂತ ಸಲೀಸು ದಾರಿ ಅವಳಿಗೆ ಹೊಳೆಯಲಿಲ್ಲ.

ಮೊದಲು ಅವಳದೇ ದನಿ ಹಾಕಿದ್ದಳು. ಕಾವೇರಿ ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರಿದಳು. ಗವಿಸಿದ್ದೇಶನ ದನಿಗೂ ಅದೇ. ಮರಿಯವ್ವನ ದನಿಗೆ ಮಾತ್ರ ಹುಡುಗಿ ಬಂದು ಪರದೆಗೆ ಕೆನ್ನೆ ಹಚ್ಚಿದಳು.

ಕಳೆದ ಮಳೆಗಾಲದಲ್ಲಿ ಮರಿಯವ್ವ ಡೋಣಿಯಿಂದ ಬಂದಾಗೆಲ್ಲ ಅತ್ತೆ-ಸೊಸೆ ಮಷೀನಿನ ಮುಂದೆ ಕೂತರು. ಮರಿಯವ್ವ ಮೈಕನ್ನು ಕೋಳಿಮರಿಯ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

"ನೀರು ಕೊಡ ನಮ್ಮವ್ವ, ಗಂಟಲಾ ಒಣಗೇತಿ."

"ಅಷ್ಟೆಲ್ಲಾ ಬ್ಯಾಡ್ರಿ ಅತ್ತಿ. ನೀರು ಅಂದ್ರ ಸಾಕು."

"ಬರೇ ನೀರು ಅಂದ್ರ ಯಾರ್ ಕೊಡ್ತಾರ? ನೀ ಕೊಡತೀಯೇನು? ನೀ ಅಂತೂ ಆ ಡಬ್ಬಿಯೊಳಗ ಮಾರಿ ಇಟ್ಟು ಕುಂತಿರತಿ."

ಹೀಗೆ ಮುನ್ನೂರ ಎಂಬತ್ತಾರು ಮಾತು. ಒಂದಾದರೂ ಒಂದೇ ಶಬ್ದದಲ್ಲಿ ಮುಗಿದಿರಲಿಲ್ಲ. ಕಾವೇರಿ "ಬ್ಯಾಡ" ಒತ್ತಿದರೆ ಮಷೀನು "ಬ್ಯಾಡಂದ್ರ ಬ್ಯಾಡ, ಎಷ್ಟ ಸಲ ಹೇಳಬೇಕು" ಎಂದು ಗದರುತ್ತಿತ್ತು. "ಆತು" ಒತ್ತಿದರೆ "ಆತು ನನ ಬಂಗಾರ" ಎನ್ನುತ್ತಿತ್ತು. ಮನೆಗೆ ಬಂದವರು ಬೆಚ್ಚಿ ಒಳಗೆ ಇಣುಕುತ್ತಿದ್ದರು.

ಆ ಪ್ರೋಗ್ರಾಮನ್ನು ವಿದ್ಯಾಶ್ರೀ ಇಂಟರ್‌ನೆಟ್ಟಿನ ಕಟ್ಟೆಯ ಮೇಲೂ ಇಟ್ಟಿದ್ದಳು. ಪೋಲೆಂಡಿನ ಮಾರ್ತಾ ಎಂಬವಳು ಅದನ್ನು ತನ್ನ ತಮ್ಮನಿಗಾಗಿ ಒಯ್ದು ತಮ್ಮ ಭಾಷೆಯ ದನಿ ತುಂಬಿಕೊಂಡಳು. ಆದರೆ ಅತ್ತೆಯ ದನಿಯನ್ನು ವಿದ್ಯಾಶ್ರೀ ಎಲ್ಲಿಗೂ ಕಳಿಸಲಿಲ್ಲ. ಅದು ಮನೆಯದು, ಮನೆಯಲ್ಲೇ ಇರಲಿ ಎಂದಿದ್ದಳು.

ಸಂಕ್ರಾಂತಿಯ ಮರುವಾರ ಮರಿಯವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಅರಿವು ಪೂರ್ತಿ ಇತ್ತು, ಕಣ್ಣು ಎಲ್ಲರನ್ನೂ ಗುರುತಿಸುತ್ತಿತ್ತು, ಮಾತು ಹೋಯಿತು. ಬರುತ್ತದೋ ಎಂದು ಕೇಳಿದ್ದಕ್ಕೆ ಡಾಕ್ಟರು ಕಡತ ತಿರುವಿ ಹಾಕಿದರು, ಅಷ್ಟೇ. ಡೋಣಿಯಿಂದ ಬೆಟಗೇರಿಗೆ ತಂದು ನಡುಮನೆಯಲ್ಲಿ ಮಂಚ ಹಾಕಿದರು, ಕಾವೇರಿಯ ಮಷೀನಿನ ಎದುರಿಗೇ. ಅಂದಿನಿಂದ ಮುದುಕಿಯ ಮಾತನ್ನು ಮೊಮ್ಮಗಳು ಒತ್ತುತ್ತಿದ್ದಳು, ಮುದುಕಿ ಕೇಳುತ್ತಿದ್ದಳು.

ಏಪ್ರಿಲ್ ಒಂದರ ಸಂಜೆ ಶಿರಹಟ್ಟಿಯ ಮೇಲೆ ಹಾದು ಬರುವ ಬಸ್ಸಿನಲ್ಲಿ ನಿಂತೇ ಬಂದು ವಿದ್ಯಾಶ್ರೀ ಮನೆ ಸೇರಿದಾಗ, ಮನೆ ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಹನಮವ್ವ ಹೊಸ್ತಿಲಲ್ಲೇ ಹೇಳಿದಳು:

"ಮಧ್ಯಾಹ್ನದಿಂದ ನಿಮ್ಮ ಡಬ್ಬಿ ಸುಮ್ಮನ ಕುಂತೈತಿ ನೋಡವಾ. ಕರೆಂಟ ಹೋಗೇತೇನಂದ್ರ ಲೈಟ್ ಐತಿ. ಹುಡುಗಿ ಒತ್ತಿ ಒತ್ತಿ ಬಟ್ಟು ಕೆಂಪ ಮಾಡ್ಕೊಂಡೈತಿ. ನೀರ ಬೇಕಿತ್ತೋ, ಏನ್ ಬೇಕಿತ್ತೋ. ನನಗ ತಿಳೀಲಿಲ್ಲ."

ಕಾವೇರಿ ಮಷೀನಿನ ಮುಂದೆ ಕೂತಿದ್ದಳು. ಅಮ್ಮನನ್ನು ಕಂಡವಳೇ ನೀರಿನ ಚಿತ್ರ ಒತ್ತಿದಳು. ಸದ್ದಿಲ್ಲ. ರೊಟ್ಟಿ ಒತ್ತಿದಳು, ಜಳಕ ಒತ್ತಿದಳು, ಬೆಕ್ಕು ಒತ್ತಿದಳು. ಒತ್ತಿ ಒತ್ತಿ ಅಮ್ಮನ ಮುಖ ನೋಡಿದಳು, ಸರಿಮಾಡು ಎನ್ನುವ ಹಾಗೆ. ಚಿತ್ರಗಳೆಲ್ಲ ಇದ್ದಲ್ಲೇ ಇದ್ದವು. ಪರದೆಯ ಮೇಲ್ತುದಿಯಲ್ಲಿ, ವಿದ್ಯಾಶ್ರೀ ತಾನೇ ಎಂದೋ ಬರೆದ ಸಾಲು: ಹೊಸ ವರ್ಷಕ್ಕೆ ಸ್ವಾಗತ.

ಅವಳು ಚಪ್ಪಲಿ ಬಿಡದೆ ಅಲ್ಲೇ ಕೂತಳು.

ಏನಾಗಿದೆ ಎಂದು ಹುಡುಕಬೇಕಾಗಿರಲಿಲ್ಲ. ಬೆಳಗಿನಿಂದ ನಲವತ್ತೊಂದು ಕಡೆ ಅದನ್ನೇ ಮಾಡಿಸಿದ್ದಳು. ವರ್ಷ ಮುಚ್ಚುವಾಗ ಪ್ರೋಗ್ರಾಮು ಹಳೆಯದನ್ನೆಲ್ಲ ಕಟ್ಟಿ ಪೆನ್‌ಡ್ರೈವಿಗೆ ಹಾಕಿ, ಮಷೀನಿನಿಂದ ಅಳಿಸುತ್ತದೆ. ಬಾಕಿ ಇರುವ ಖಾತೆಗಳನ್ನು ಮಾತ್ರ ಹೊಸ ವರ್ಷಕ್ಕೆ ಒಯ್ಯುತ್ತದೆ. ಕೊಟ್ಟು ತೀರಿ ಸೊನ್ನೆಯಾದ ಖಾತೆ ಹೊಸ ವರ್ಷಕ್ಕೆ ಯಾಕೆ ಬೇಕು? ಮನೆಯ ಮಷೀನಿನಲ್ಲಿ ಅತ್ತೆಯ ದನಿ ಇದ್ದದ್ದು ಆ ಖಾತೆಗಳ ಒಳಗೇ. ಅಂಗಡಿಗಳಲ್ಲಿ ಮಾರ್ಚ್ ಮೂವತ್ತೊಂದಕ್ಕೇ ಪೆನ್‌ಡ್ರೈವ್ ಸಿಕ್ಕಿಸಿಟ್ಟಿರುತ್ತಾರೆ. ಮನೆಯ ಮಷೀನಿಗೆ ಅದನ್ನು ಸಿಕ್ಕಿಸುವವರು ಯಾರು? ಪೆನ್‌ಡ್ರೈವ್ ಇಲ್ಲದಿದ್ದರೆ ಮೊದಲು ಒಂದು ಕೆಂಪು ಸೂಚನೆ ಬರುತ್ತಿತ್ತು. ಅದನ್ನು ನೋಡಿ ಹೆದರಿ ಅಡತಿಯವರು, ಇವಳು ಊಟಕ್ಕೆ ಕೂತಾಗ, ಮಗುವಿಗೆ ಜಳಕ ಮಾಡಿಸುವಾಗ ಫೋನು ಹಚ್ಚುತ್ತಿದ್ದರು. ಮೂರು ವರ್ಷದ ಹಿಂದೆ ಬೇಸತ್ತು ವಿದ್ಯಾಶ್ರೀಯೇ ಆ ಸೂಚನೆ ತೆಗೆದು, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗು ಎಂದು ಬರೆದಿದ್ದಳು. ಸುಮ್ಮನೆ ಮುಂದೆ ಹೋಗಿತ್ತು.

ಮಂಚದ ಮೇಲಿನಿಂದ ಮರಿಯವ್ವ ನೋಡುತ್ತಿದ್ದಳು.

ಅನೀಸ ಆ ರಾತ್ರಿಯೇ ಬಂದು ಮಷೀನನ್ನು ಚಾದರದಲ್ಲಿ ಸುತ್ತಿಕೊಂಡು ಒಯ್ದ. ಮರುದಿನ ವಿದ್ಯಾಶ್ರೀ ರಜೆ ಕೇಳಿದಳು. "ಏಪ್ರಿಲ್ ಎರಡನೇ ತಾರೀಖಿಗೆ ರಜಾನಾ?" ಎಂದು ಮಾಲೀಕ ನಗೆಯಾಡಿದ, ಚೇಷ್ಟೆ ಎಂದೇ ತಿಳಿದ. ರಜೆ ಸಿಗದೆ ಅವಳು ಮುಂಡರಗಿಗೆ ಹೋದಳು, ಶಿರಹಟ್ಟಿಗೆ ಹೋದಳು. ಬಸ್ಸಿನಲ್ಲಿ ಫೋನು ತೆಗೆದು ಕಟ್ಟೆಯ ಮೇಲೆ ಬರೆದಳು: ಹೀಗಾಗಿದೆ, ಏನಾದರೂ ದಾರಿ ಇದೆಯೇ? ಮುಖ ನೋಡದ ಜನ ತಮ್ಮ ತಮ್ಮ ಆಫೀಸು ಬಿಟ್ಟ ಮೇಲೆ ಕೂತು ಉದ್ದುದ್ದ ಬರೆದರು. ಇದನ್ನು ಮಾಡಿ ನೋಡಿ, ಅದನ್ನು ಮಾಡಿ ನೋಡಿ. ಮೀನಿಗೆ ಹುಣ್ಣಿಮೆ ತರಿಸುವವನು ಅನೀಸನ ಜೊತೆ ಫೋನಿನಲ್ಲಿ ನಾಲ್ಕು ತಾಸು ಕೂತಿದ್ದನಂತೆ. ಇಬ್ಬರಿಗೂ ಮತ್ತೊಬ್ಬರ ಇಂಗ್ಲಿಷು ಅರ್ಧ ತಿಳಿಯುತ್ತಿರಲಿಲ್ಲ.

ಭಾನುವಾರ ಬಾಗಿಲು ಅರ್ಧ ಎಳೆದ ಅಂಗಡಿಯಲ್ಲಿ ಮೂವರೂ ಕೂತರು. ಹಲಗೆ ನುಡಿಸುವ ಪ್ರಿಂಟರಿನ ಮೇಲೆ ಯಾರೋ ಚಹಾದ ಲೋಟ ಇಟ್ಟಿದ್ದರು.

"ಹಳೇ ತಿರುಗೋ ಡಿಸ್ಕ್ ಇದ್ದಿದ್ರ ಏನರ ಕೆರದು ತೆಗೀತಿದ್ದೆ ಅಕ್ಕಾ," ಎಂದ ಅನೀಸ, ತಲೆ ಎತ್ತದೆ. "ಇದು ಚಿಪ್ಪಿಂದು. ಅಳಸು ಅಂದ್ರ ತಾನ ಒರಸಿ ಕಸಾ ಹೊಡದು ಇಡತೈತಿ. ಜಲ್ದಿ ಚಾಲೂ ಆಗಲಿ ಅಂತ ನಾನ ಹಾಕಿದ್ದು ಅದನ್ನ."

"ಅಳಿದದ್ರಾಗ ಒಂದೂ ಸಿಗಲಿಲ್ಲೇನು?"

"ಒಂದು ಸಿಕ್ಕಿತ್ತು. ಕೇಳಿ ನೋಡಿದ್ರ ಹಳೇ ಡಿಸ್ಕಿನಿಂದ ನಕಲಾಗಿ ಬಂದಿದ್ದ ಖಾನಾವಳಿ ಕಾಲದ ಬೆಲ್ಲಿನ ಸಪ್ಪಳ."

"ನಮ್ಮ ಆಡಿನ ಹಾಜರಿಗೆ ಮೂರು ಕಡೆ ನಕಲ್ ಇಟ್ಟೀನಿ," ಎಂದ ಯಲ್ಲೇಶ. ಆಡಿದ ಮೇಲೆ ಅವನ ಮುಖ ಸಣ್ಣದಾಯಿತು. "ಹಂಗಲ್ಲ ಅಕ್ಕಾ. ನಾ ಏನೋ ಅನ್ನಾಕ ಹೋಗಿ ಏನೋ ಅಂದೆ."

"ಇರಲಿ ಬಿಡೋ. ಖರೇನ ಅಂದಿ."

ಅಲ್ಲಿಯೇ ಕೂತು ಅವಳು ಮಷೀನಿನಿಂದ ವರ್ಷ ಮುಚ್ಚುವ ಭಾಗವನ್ನು ಕಿತ್ತು ಹಾಕಿದಳು. ಒಂದು ಪುಟವೂ ಇರಲಿಲ್ಲ ಅದು. ಕಟ್ಟೆಯ ಮೇಲಿನ ಪ್ರತಿಯಿಂದಲೂ ತೆಗೆಯೋಣವೆಂದು ಹೋದರೆ ಅಲ್ಲಿ ಫೆಬ್ರವರಿಯ ಒಂದು ಪತ್ರ ಕೂತಿತ್ತು. ಮಾರ್ತಾ ಬರೆದದ್ದು. ಇದರಲ್ಲಿ ವರ್ಷದ ಕೊನೆಗೆ ಮಾತುಗಳನ್ನು ಮುಚ್ಚುವ ಒಂದು ಭಾಗ ಇದೆಯಲ್ಲ, ಅದು ಯಾಕೆ? ನಮಗೆ ಅರ್ಥವಾಗಲಿಲ್ಲ, ನಮ್ಮಲ್ಲಿ ತೆಗೆದುಬಿಟ್ಟಿದ್ದೇನೆ, ನೀವೂ ಒಮ್ಮೆ ನೋಡಿ. ಅದರ ಕೆಳಗೆ ವಿದ್ಯಾಶ್ರೀಯದೇ ಉತ್ತರ: ಧನ್ಯವಾದ, ಈ ಭಾನುವಾರ ನೋಡುತ್ತೇನೆ.

ಯಾವ ಭಾನುವಾರ ಅದು? ಫೆಬ್ರವರಿಯಲ್ಲಿ ಅತ್ತೆಗೆ ಆಸ್ಪತ್ರೆ, ಮಾರ್ಚಿನಲ್ಲಿ ಅಂಗಡಿಗಳ ವರ್ಷಾಂತ್ಯ. ಆ ಭಾನುವಾರ ಬಂದೇ ಇರಲಿಲ್ಲ. ಅವಳು ಫೋನು ಮಗುಚಿ ಇಟ್ಟಳು. ಯಾರ ಮೇಲಾದರೂ ಸಿಟ್ಟು ಬಂದರೆ ಹಗುರಾಗುತ್ತಿತ್ತೇನೋ; ಸಿಟ್ಟಿಗೆ ಯಾರೂ ಸಿಗಲಿಲ್ಲ.

ಸಂಜೆ ಮಷೀನು ಮರಳಿ ನಡುಮನೆಗೆ ಬಂತು. ಗವಿಸಿದ್ದೇಶ ಅಂದು ಮನೆಯಲ್ಲಿದ್ದ. ವಯರು ಸಿಕ್ಕಿಸುತ್ತ ಕೇಳಿದ:

"ನಾ ಒತ್ತಬಾರದಿತ್ತೇನು ವಿದ್ಯಾ?"

"ನಾನ ಅಲ್ಲೇನ್ರಿ ಒತ್ತರಿ ಅಂದದ್ದು."

"ನೀ ಎಲ್ಲಾರಿಗೂ ಹಂಗ ಅಂತೀ ಅಂತ ಗೊತ್ತಿತ್ತು. ನಾ ಮನೀ ಮಷೀನ ಅಂತ ಹೇಳಬೇಕಿತ್ತು." ವಯರಿನ ಕೊನೆ ಒತ್ತಿ ಕೂರಿಸಿ, "ಮತ್ತ ತುಂಬಾಕ ಬರಂಗಿಲ್ಲೇನು? ನೀನ ಮಾತಾಡಿ ನೋಡು ಇನ್ನೊಮ್ಮೆ," ಎಂದ.

ಅವಳು ಮೈಕು ಹಿಡಿದು, ಅತ್ತೆ ಅಂದ ಹಾಗೆಯೇ "ನೀರು ಕೊಡ ನಮ್ಮವ್ವ, ಗಂಟಲಾ ಒಣಗೇತಿ" ಎಂದು ಹೇಳಿ ತುಂಬಿದಳು. ಕಾವೇರಿ ನೀರಿನ ಚಿತ್ರ ಒತ್ತಿದಳು. ಕೇಳಿದಳು. ನಿಧಾನವಾಗಿ ಎರಡೂ ಕೈ ಎತ್ತಿ ಕಿವಿ ಮುಚ್ಚಿಕೊಂಡಳು.

ಮಂಚದ ಮೇಲೆ ಗೊರ್ ಎಂಬ ಸದ್ದಾಯಿತು. ಮರಿಯವ್ವ ಎಡಗೈ ಚಾಚಿದ್ದಳು. ಮೊದಲು ಯಾರಿಗೂ ತಿಳಿಯಲಿಲ್ಲ. ಕೇಳುತ್ತಿರುವುದು ಮೈಕು ಎಂದು ತಿಳಿದ ಮೇಲೆ ವಿದ್ಯಾಶ್ರೀಗೆ ಕೊಡಲು ಧೈರ್ಯ ಸಾಲಲಿಲ್ಲ. ಗವಿಸಿದ್ದೇಶನೇ ತೆಗೆದುಕೊಂಡು ಹೋಗಿ ತಾಯಿಯ ಅಂಗೈಯಲ್ಲಿಟ್ಟ. ಮುದುಕಿ ಅದನ್ನು ಹಿಂದಿನಂತೆಯೇ ಮುಷ್ಟಿಯಲ್ಲಿ ಹಿಡಿದಳು. ಬಾಯಿ ತೆರೆಯಿತು. ಕೊರಳಿನ ನರ ಉಬ್ಬಿತು. ಬಂದದ್ದು ಉಸಿರು. ಮತ್ತೊಮ್ಮೆ ತೆರೆಯಿತು, ಮತ್ತೂ ಉಸಿರು, ತುಟಿಯ ಕೊನೆಯಿಂದ ಜೊಲ್ಲು. ಅವಳು ಬಿಡಲೊಲ್ಲಳು. ಐದಾರು ಸಲ ಆದ ಮೇಲೆ ಗವಿಸಿದ್ದೇಶ "ಸಾಕು ಬೇ, ಸಾಕು" ಎಂದು ಬೆರಳು ಒಂದೊಂದಾಗಿ ಬಿಡಿಸಿದ. ಆಮೇಲೆ ಅವಳದೇ ಸೆರಗಿನಿಂದ ಅವಳ ಬಾಯಿ ಒರೆಸಿ, ಹಿತ್ತಲಿಗೆ ಎದ್ದುಹೋದ.

ಮುನ್ನೂರ ಎಂಬತ್ತಾರರಲ್ಲಿ ಅಳಿಯದೆ ಉಳಿದದ್ದು ಹನ್ನೊಂದು ಮಾತು. ಅವುಗಳ ಚಿತ್ರ ಹಿಂದಿನ ಪುಟಗಳವು, ಮೊದಲ ಪುಟವೇ ಮೂಕವಾದ ಮೇಲೆ ಕಾವೇರಿ ಅಲ್ಲಿಯವರೆಗೆ ಹೋಗಿರಲಿಲ್ಲ. ಅವು ಯಾವುವು ಎಂದು ವಿದ್ಯಾಶ್ರೀ ಈವರೆಗೆ ಪಟ್ಟಿ ತೆಗೆದು ನೋಡಿರಲಿಲ್ಲ. ಈಗ ತೆಗೆದಳು. ನೀರು, ರೊಟ್ಟಿ, ಜಳಕ, ಕೇಳಿದಾಗೆಲ್ಲ ಸಿಕ್ಕಿದ್ದರ ಮಾತೆಲ್ಲ ಸೊನ್ನೆಯಾಗಿ ಅಳಿದಿತ್ತು. ಮಗು ಕೇಳಿ, ಯಾರೂ ಕೊಡದೆ, ಹಸಿರು ಗುಂಡಿ ಒತ್ತದೆ ಬಿಟ್ಟದ್ದು ಮಾತ್ರ ದನಿಯ ಸಮೇತ ಉಳಿದಿತ್ತು. "ಮಳಿ", ಏಳು. ಬೇಸಗೆಯಲ್ಲಿ ಕೇಳಿದ್ದಿರಬೇಕು. "ಶಾಲಿಗೆ ಹೋಗೂಣು", ಮೂವತ್ತೆರಡು. ಎರಡು ಶಾಲೆಯವರು ಇವಳನ್ನು ಸೇರಿಸಿಕೊಂಡಿರಲಿಲ್ಲ. "ನಾನೂ ಬಸ್ಸಿಗೆ ಬರತೀನಿ", ನಲವತ್ತೆಂಟು. "ಯಾಕ?", ತೊಂಬತ್ತು. "ಡೋಣಿಗೆ ಹೋಗೂಣು" ಎನ್ನುವುದು ಸಂಕ್ರಾಂತಿಯವರೆಗೆ ಸೊನ್ನೆ, ಆಮೇಲೆ ಅರವತ್ತೊಂದು. ಎಲ್ಲಕ್ಕಿಂತ ಮೇಲೆ ಒಂದು ಮಾತು, ಮುಂದೆ ಇನ್ನೂರ ಹದಿನಾಲ್ಕು.

ಅವಳು ಓದುತ್ತಿರುವಾಗಲೇ ಕಾವೇರಿಯ ಬೆರಳು ಅಲ್ಲಿಗೆ ಹೋಯಿತು. ನಾಲ್ಕು ದಿನದ ಮೇಲೆ ಮನೆಯಲ್ಲಿ ಮರಿಯವ್ವನ ದನಿ ಎದ್ದಿತು:

"ಅವ್ವಾ, ಬಾ. ಎಷ್ಟೊತ್ತಾತು ನೋಡು. ಬಾ."

ಮಂಚದ ಮೇಲೆ ಮುದುಕಿಯ ತಲೆ ಸರಕ್ಕನೆ ಹೊರಳಿತು. ತನ್ನ ದನಿ ಎಲ್ಲಿಂದ ಬಂತು ಎಂದು ಕಣ್ಣು ಹುಡುಕಿತು.

"ಬಂದೇನಿ," ಎಂದಳು ವಿದ್ಯಾಶ್ರೀ. "ಇಲ್ಲೇ ಅದೇನಿ ನೋಡು." ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಪದ್ಧತಿಯಂತೆ ಹಸಿರು ಗುಂಡಿ ಒತ್ತಿದಳು. ಆತು ನನ ಬಂಗಾರ ಎನ್ನಬೇಕಾದ ಗುಂಡಿ ಏನೂ ಅನ್ನಲಿಲ್ಲ. ಇನ್ನೂರ ಹದಿನೈದಾಗಿದ್ದದ್ದು ಇನ್ನೂರ ಹದಿನಾಲ್ಕಕ್ಕೆ ಇಳಿಯಿತು.

ಕಾವೇರಿ ಮತ್ತೆ ಒತ್ತಿದಳು. "ಅವ್ವಾ, ಬಾ. ಎಷ್ಟೊತ್ತಾತು ನೋಡು. ಬಾ."

ವಿದ್ಯಾಶ್ರೀಯ ಬೆರಳು ಹಸಿರಿನ ಹತ್ತಿರ ಹೋಗಿ ನಿಂತಿತು. ವರ್ಷ ಮುಚ್ಚುವ ಭಾಗ ಈಗ ಅದರಲ್ಲಿ ಇಲ್ಲ, ಮಧ್ಯಾಹ್ನ ತಾನೇ ಕಿತ್ತು ಹಾಕಿದ್ದಾಳೆ. ಇನ್ನು ಸೊನ್ನೆಗೆ ಇಳಿದರೂ ಯಾವ ಮಾತೂ ಅಳಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಲು ಬೆರಳು ಬರಲಿಲ್ಲ. ಪಕ್ಕದಲ್ಲಿ ಫೋನು ಬಡಿದುಕೊಳ್ಳತೊಡಗಿತು, ಶಿರಹಟ್ಟಿಯ ಸಾಹುಕಾರರು. ನಾಳೆ ಮುಂಜಾನೆ ಜಲ್ದಿ ಬರ್ರಿ ಎನ್ನುತ್ತಾರೆ. ಬರತೇನ್ರಿ ಎನ್ನಬೇಕು. ಅವಳು ಎತ್ತಲಿಲ್ಲ, ಸುಮ್ಮನಾಗಿಸಲೂ ಇಲ್ಲ.

ತೊಡೆಯ ಮೇಲೆ ಕೂತೇ ಕಾವೇರಿ ಮತ್ತೆ ಒತ್ತಿದಳು. ಎಣಿಕೆ ಒಂದು ಏರಿತು.